ಕೆಂಚಿಯ ಕೊರಳು

ಚಪ್ಪಾಳೆ, ಮತ್ತೆ ಚಪ್ಪಾಳೆ, ಸೊರಬದ ಈ ಸಭಾಂಗಣದ ಫ್ಯಾನಿನ ಗರಗರವೂ ಅದರಲ್ಲಿ ಮುಳುಗಿತು, ಗುತ್ಯಪ್ಪ ಮಾತ್ರ ಕೈ ಎರಡನ್ನೂ ಕಂಬಳಿಯೊಳಗೇ ಇಟ್ಟುಕೊಂಡ, ಯಾತಕ್ಕೆ ತಟ್ಟಬೇಕು, ಪರದೆಯ ಮೇಲೆ ಅವನ ಕುರಿಗಳು ಹಸಿರು ಚುಕ್ಕಿಗಳಾಗಿ ಓಡಾಡುತ್ತಿವೆ, ಮೂವತ್ತೊಂಬತ್ತು, ನಲವತ್ತಲ್ಲ — ಇಂಜಿನಿಯರ್ ಗುರುಪ್ರಕಾಶ್ ಮೈಕಿನಲ್ಲಿ, ಇನ್ನುಮುಂದೆ ಒಂದೇ ಕುರಿ ಎಲ್ಲದರ ಸುದ್ದಿ ಹೊರೋದು ಬೇಡ ರೀ, ದಿನಕ್ಕೊಂದು ಕುರಿ, ಪಾಳಿ ಪ್ರಕಾರ, ಬ್ಯಾಟರಿ ಮೂರು ಪಟ್ಟು ಬಾಳಿಕೆ ಬರುತ್ತೆ, ಇದು ನಮ್ಮ ತಂಡ ಕಂಡುಹಿಡಿದದ್ದು. ಕಂಡುಹಿಡಿದದ್ದಂತೆ! ಬಂದಳಿಕೆಯ ಹಳೇ ಗುಡಿಯ ಹಿಂದೆ ಕುರಿಗಳ ಕೊರಳಿಗೆಲ್ಲ ಪಟ್ಟಿ ಕಟ್ಟಿದ ದಿನವೇ ಹೇಳಲಿಲ್ಲವೇ ಗುತ್ಯಪ್ಪ, ಉಳಿದವಕ್ಕೆ ಹುಣಸೆಬೀಜದಷ್ಟು ಯಂತ್ರ, ಮುಂದೆ ನಡೆಯುವ ಕುರಿ ಕೆಂಚಿಗೆ ಮಾತ್ರ ಇಟ್ಟಿಗೆಯಂಥ ಡಬ್ಬಿ, ಎಲ್ಲವೂ ತಾವೆಲ್ಲಿದ್ದೇವೆಂದು ಅವಳಿಗೆ ಹೇಳಬೇಕು, ಅವಳು ಕೆರೆ ದಂಡೆಯ ಸಿಗ್ನಲ್ ಕಂಬಕ್ಕೆ ಹೇಳಬೇಕು — ತಮ್ಮಾ, ಗಂಟೇನೂ ನಾವು ಒಂದಕ್ಕೇ ಕಟ್ಟಲ್ಲ, ಕೊರಳು ತಿಂತೈತಿ, ಇವತ್ತು ಇದಕ್ಕೆ, ನಾಳೆ ಅದಕ್ಕೆ, ಇದನ್ನೂ ಹಂಗೇ ಮಾಡು. ಗುರುಪ್ರಕಾಶ್ ನಕ್ಕ. ಅಜ್ಜಾರೆ, ಇದು ಗಂಟೆ ಅಲ್ಲ, ಕಂಪ್ಯೂಟರು, ಬಿಚ್ಚಲ್ಲ ಅಂತ ಮಾತು ಕೊಡಿ. ಕೊಟ್ಟ, ಕೊಟ್ಟ ಬಾಯಿಗೆ ಬೆಂಕಿ ಬೀಳಲಿ, ಹನ್ನೆರಡನೇ ದಿನ ಡಬ್ಬಿ ಸುಸ್ತಾಗಿ ಸತ್ತಿತು, ಇಂಜಿನಿಯರನ ಫೋನಿನಲ್ಲಿ ನಲವತ್ತೂ ಮಾಯ, ಜೀಪು ಬಂತು, ಬ್ಯಾಟರಿ ಯಾರಿಗೆ ಮಾರಿದ್ರಿ ಅಜ್ಜ, ಇಡೀ ಹಟ್ಟಿಯ ಎದುರು, ಅರವತ್ತು ವರ್ಷ ಕುರಿ ಕಾಯ್ದವನನ್ನು! ಹೆಂಡತಿ ತಾಯಮ್ಮ ಸುಮ್ಮನಿರುವವಳೇ, ಪಾಯಸ ಮಾಡ್ಕೊಂಡು ಉಂಡೀವಿ, ತಳದಾಗೆ ಒಂಚೂರು ಐತಿ, ನೀನೂ ನೆಕ್ಕು ಬಾ ಎಂದಳು. ಬ್ಯಾಟರಿ ಡಬ್ಬಿಯೊಳಗೇ ಇತ್ತು, ಬರಿದಾಗಿ. ತಪ್ಪಾಯ್ತು ಅನ್ನಲಿಲ್ಲ, ಇನ್ನೂ ದಪ್ಪನೆಯದು ತಂದು ಅದೇ ಕೊರಳಿಗೆ ಬಿಗಿದರು, ಪಟ್ಟಿಯ ಅಡಿಯಲ್ಲಿ ಉಣ್ಣೆ ಹೋಯಿತು, ತೊಗಲು ಹೋಯಿತು, ಬಳೆಯಂತೆ ಕೆಂಪು, ಅದರ ಮೇಲೆ ನೊಣ, ಗುತ್ಯಪ್ಪ ಬೇವಿನೆಣ್ಣೆ ಹಚ್ಚಿದ, ಬಿಚ್ಚಲಿಲ್ಲ, ಮಾತು ಕೊಟ್ಟಿದ್ದನಲ್ಲ, ದೊಡ್ಡ ಮಾತಿನವನು! ಕೆಂಚಿ ಮಲಗಿದಲ್ಲಿಂದ ಏಳದಿದ್ದ ಬೆಳಿಗ್ಗೆ ಪಟ್ಟಿಯನ್ನು ಕುಡುಗೋಲಿನಿಂದ ಕೊಯ್ದ, ಆಗ ಹುಳ ಒಳಗೆ ಇಳಿದಾಗಿತ್ತು — ಈಗ ಪಾಳಿ, ಈಗ, ಅದೂ ಬ್ಯಾಟರಿ ಉಳಿಯಲೆಂದು, ಕೊರಳು ಅನ್ನುವ ಮಾತು ಆ ಇಂಜಿನಿಯರನ ಬಾಯಲ್ಲಿ ಒಂದು ಸಲವಾದರೂ ಬಂತೇ — ಅಜ್ಜಾರೆ, ಮೇಲೆ ಬನ್ನಿ, ನಿಮ್ಮ ಅನುಭವ ಎರಡು ಮಾತು ಹೇಳಿ, ಯಾರೋ ತೋಳು ಹಿಡಿದು ಎಬ್ಬಿಸುತ್ತಾರೆ, ಮೆಟ್ಟಿಲು, ಮೈಕು, ಕಂಬಳಿಯೊಳಗಿನ ಕೈಯಲ್ಲಿ ಕೊಯ್ದ ಪಟ್ಟಿ, ಅದಕ್ಕಂಟಿದ ಕೆಂಚು ಉಣ್ಣೆ, ಎದುರಿಗೆ ಜನ ಕಾಣುವುದಿಲ್ಲ, ಪರದೆ ಕಾಣುವುದಿಲ್ಲ, ಕೊರಳು, ಬಳೆಯಂತೆ ಕೆಂಪು, ಅದರ ಮೇಲೆ ನೊಣ