ಹಳದಿ ಮುಚ್ಚಳದ ಡಬ್ಬ

ತರಕಾರಿ ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವಾಗ ಸಿಲ್ಕೆಯ ಬೆರಳುಗಳು ಕೆಂಪಗೆ ಊದಿಕೊಂಡಿರುತ್ತಿದ್ದವು. ಕೈಗವಸಿನ ಮೇಲೆ ಕೈಗವಸು ಹಾಕಿದರೂ ಅಷ್ಟೇ. ನನ್ನ ಕೆಫೆಗೆ ಬಂದವಳು ಬಿಸಿ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಕುಡಿಯುವುದು ಆಮೇಲೆ. ಬೆರಳು ಮಡಚಲು ಬಂದಮೇಲೆ ಗೋಡೆಗೆ ಒರಗಿಸಿದ ಸೈಕಲ್ ಹತ್ತಿ, ಎದುರುಗಾಳಿಗೆ ಕಾಲುವೆಯ ದಾರಿ ಹಿಡಿದು ಅಭ್ಯಾಸಕ್ಕೆ ಹೊರಡುತ್ತಿದ್ದಳು. ಇವಳು ಸೈಕಲ್ ಓಟಗಾರ್ತಿ. ಟೀವಿಯಲ್ಲಿ ಬರುವವಳು. ಟೀವಿಯಲ್ಲಿ ಬರುವವರೆಲ್ಲ ಹೊಟ್ಟೆ ತುಂಬ ಉಂಡವರು ಅಂತ ತಿಳಿದವರು ಒಮ್ಮೆ ನಮ್ಮೂರಿಗೆ ಬಂದು ನೋಡಲಿ.

ನಾನು ಲೀವ. ಚರ್ಚಿನ ಎದುರಿನ ಕೆಫೆ ನನ್ನದು. ನಮ್ಮ ವೆಸ್ಟ್ ಫ್ಲಾಂಡರ್ಸ್‌ನಲ್ಲಿ ಊರಿಗೊಬ್ಬ ಓಟಗಾರ ಇದ್ದರೆ ಸಾಕು, ಅವನಿಗೊಂದು ಅಭಿಮಾನಿ ಸಂಘ, ಸಂಘಕ್ಕೊಂದು ಕೆಫೆ. ಸಿಲ್ಕೆಯ ಸಂಘ ನನ್ನಲ್ಲಿ. ಅಧ್ಯಕ್ಷೆ ನಾನೇ, ಯಾಕೆಂದರೆ ಬೇರೆ ಯಾರೂ ಒಪ್ಪಲಿಲ್ಲ. ಸಿಲ್ಕೆ ಗೆಲ್ಲುವವಳಲ್ಲ, ಗೆಲ್ಲುವವಳಿಗೆ ನೀರು ಹೊರುವವಳು. ಓಟದ ಮಧ್ಯೆ ಹಿಂದೆ ಸರಿದು ತಂಡದ ಕಾರಿನಿಂದ ಬಾಟಲಿಗಳನ್ನು ತೆಗೆದುಕೊಳ್ಳಬೇಕು. ಅಂಗಿಯೊಳಗೆ ಬೆನ್ನ ಮೇಲೆ ತುರುಕಿಕೊಂಡು ಮತ್ತೆ ಮುಂದಕ್ಕೆ ತುಳಿದು ನಾಯಕಿ ಅನೂಕ್‌ಗೆ ತಲುಪಿಸಬೇಕು. ಗಾಳಿಗೆ ತಾನು ಮೈಯೊಡ್ಡಿ ಅವಳನ್ನು ಬೆನ್ನ ಮರೆಯಲ್ಲಿ ಕರೆದೊಯ್ಯಬೇಕು. ಅನೂಕ್ ಹೂಗುಚ್ಛ ಹಿಡಿಯುವ ಹೊತ್ತಿಗೆ ಇವಳಿನ್ನೂ ಎಲ್ಲೋ ಹಿಂದೆ ಮೂಗು ಒರೆಸಿಕೊಂಡು ಬರುತ್ತಿರುತ್ತಾಳೆ.

ತಂಡ ನಡೆಸುವವನು ರಾಫ್. ತಂಡಕ್ಕೆ ದುಡ್ಡು ಹಾಕುವುದು ಶಕ್ತಿಯ ಪುಡಿ ಮಾಡುವ ಕಂಪನಿ. ಕಂಪನಿ ಯಾರದ್ದು? ರಾಫ್‌ನ ಭಾವಮೈದುನನದ್ದು. ಸಿಲ್ಕೆ ತಂಡಕ್ಕೆ ಸೇರಿದ ದಿನವೇ ರಾಫ್ ಹಳದಿ ಮುಚ್ಚಳದ ಡಬ್ಬಗಳನ್ನು ಅವಳ ಕೈಗೆ ಕೊಟ್ಟು ಹೇಳಿದ್ದ: "ನಮ್ಮ ಪುಡಿ ಬಿಟ್ಟು ಬೇರೆ ಪುಡಿ ಮುಟ್ಟಿದ್ರೆ ನಿನ್ ಜಾಗ ಖಾಲಿ." ಅವಳು ಅದನ್ನೇ ಕುಡಿದಳು. ಓಟ ಮುಗಿದಮೇಲೆ ಕ್ಯಾಮರಾದ ಎದುರು ನಕ್ಕು ಕುಡಿದಳು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪರೀಕ್ಷೆಯವರು ಬಂದು ಅವಳ ಮೂತ್ರ ತೆಗೆದುಕೊಂಡು ಹೋದರು. ಅದೇನೂ ಹೊಸದಲ್ಲ. ಮೇ ತಿಂಗಳಲ್ಲಿ ಸುದ್ದಿ ಬಂತು. ಸ್ನಾಯು ಬೆಳೆಸುವ ನಿಷೇಧಿತ ಔಷಧಿಯ ಲವಲೇಶ ಸಿಕ್ಕಿದೆಯಂತೆ. ಅವತ್ತೇ ತಂಡದ ಸೈಕಲ್ ವಾಪಸು ಒಯ್ದರು. ಹೆಲ್ಮೆಟ್ಟನ್ನೂ ಬಿಡಲಿಲ್ಲ.

ಮಾರನೇ ದಿನ ಪತ್ರಿಕೆಯಲ್ಲಿ ರಾಫ್‌ನ ಮಾತು. "ನಮಗೂ ಆಘಾತವಾಗಿದೆ. ಆಕೆಯ ತಂದೆ ಪಾರಿವಾಳ ಸಾಕುವವರು. ಅಂಥವರ ಬೀರುವಿನಲ್ಲಿ ಏನೇನು ಇರುತ್ತದೆ ಎಂದು ಫ್ಲಾಂಡರ್ಸ್‌ನವರಿಗೆ ನಾನು ಹೇಳಬೇಕಿಲ್ಲ."

ನೋಡಿ, ಎಂಥಾ ಕಿಲಾಡಿ! ಪಾರಿವಾಳದ ಪಂದ್ಯಕ್ಕೆ ಬಿದ್ದವರಲ್ಲಿ ಹಕ್ಕಿಗೆ ಔಷಧಿ ಹಾಕುವ ಖದೀಮರೂ ಇದ್ದಾರೆ, ಸುಳ್ಳಲ್ಲ. ಊರಿಗೆ ಅಷ್ಟೇ ಸಾಕಾಯಿತು. ನನ್ನದೇ ಕೆಫೆಯಲ್ಲಿ, ಅವಳ ಪಟದ ಕೆಳಗೇ ಕೂತು, ನನ್ನದೇ ಬಿಯರ್ ಕುಡಿಯುತ್ತ ಶುರು ಹಚ್ಚಿಕೊಂಡರು.

"ಓಡಿಲ್‌ನ ಪಾರಿವಾಳ ಹೋದ್ವರ್ಷ ಫ್ರಾನ್ಸಿನಿಂದ ಹೆಂಗೆ ಹಾರ್ಕೊಂಡ್ ಬಂತು ಗೊತ್ತಾ? ನಂಗಾಗ್ಲೇ ಅನುಮಾನ."

"ಅಪ್ಪ ಹಕ್ಕಿಗೆ ಹಾಕ್ದ, ಮಗಳಿಗೂ ಚೂರು ಹಾಕ್ದ."

"ಬೆಂಕಿ ಇಲ್ದೆ ಹೊಗೆ ಬರುತ್ತಾ? ಸುಮ್ಸುಮ್ನೆ ಪರೀಕ್ಷೆಯವ್ರು ಯಾಕ್ ಹಿಡೀತಾರೆ?"

ಮುದುಕ ಕಮಿಲ್ ಮೂಲೆಯಲ್ಲಿ ಕೂತು ಗೊಣಗಿದ: "ನೀರು ಹೊರೋಳಿಗೆ ಔಷಧಿ ಯಾಕ್ರಯ್ಯ? ಅವಳೇನ್ ಗೆದ್ಲು?"

"ಬಾಯ್ ಮುಚ್ಕೊಂಡು ಗ್ಲಾಸ್ ಖಾಲಿ ಮಾಡಿ ಹೊರಡಿ ಎಲ್ರೂ," ಅಂತ ನಾನು ಕೂಗಿದೆ. ಕೂಗಿದೆ ನಿಜ, ಆದರೆ ನನ್ನ ತಲೆಯೊಳಗೂ ಹುಳ ಬಿಟ್ಟಾಗಿತ್ತು. ಸಿಲ್ಕೆಯ ಅಪ್ಪ ಓಡಿಲ್ ಜಾಸ್ತಿ ಮಾತಾಡದ ಮನುಷ್ಯ. ಹೆಂಡತಿ ಸತ್ತಮೇಲೆ ಹಕ್ಕಿಗಳ ಜೊತೆಗೇ ಮಾತು. ಅಂಥವನ ಬೀರುವಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಅನುಮಾನ ಅನ್ನುವುದು ಕೆಟ್ಟ ಕಾಯಿಲೆ. ಕೆಫೆ ಬಾಗಿಲು ಹಾಕಿ ಅವನ ಮನೆಗೆ ಹೋದೆ.

ಹಿತ್ತಲಲ್ಲಿ ಪಾರಿವಾಳದ ಗೂಡು. ಓಡಿಲ್ ತಗಡಿನ ತುಂಡಿನಿಂದ ಹಿಕ್ಕೆ ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ.

"ನೀನೂ ನೋಡೋಕ್ ಬಂದ್ಯಾ ಲೀವ? ಬೀರು ಅಲ್ಲಿದೆ. ತೆಗೆದು ನೋಡು."

ನಾಚಿಕೆಯಾಯಿತು. ಆದರೂ ತೆಗೆದು ನೋಡಿದೆ. ಬೆಳ್ಳುಳ್ಳಿ, ಸುಣ್ಣದ ಕಲ್ಲು, ಬಿಯರ್ ಭಟ್ಟಿಯಿಂದ ತಂದ ಹುದುಗು. ಅಷ್ಟೇ. ಅದರ ಪಕ್ಕದ ಹಲಗೆಯ ಮೇಲೆ ಹಳದಿ ಮುಚ್ಚಳದ ಡಬ್ಬಗಳು ಸಾಲಾಗಿ ಇದ್ದವು. ಒಂದರ ಮುಚ್ಚಳ ತಿರುಗಿಸಿದೆ. ಒಳಗೆ ಜೋಳ. ಇನ್ನೊಂದರಲ್ಲಿ ಬಟಾಣಿ.

ಸಿಲ್ಕೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮುಖ ಬಾಡಿತ್ತು.

"ಪುಡಿ ಮುಗಿದ್ಮೇಲೆ ನಾನೇ ತೊಳೆದು ಅಪ್ಪಂಗೆ ಕೊಡ್ತಿದ್ದೆ, ಲೀವಕ್ಕ. ಇಲಿ ಕಚ್ಚಲ್ಲ, ಮುಚ್ಚಳ ಗಟ್ಟಿ. ಈಗ ವಕೀಲರು ಕೇಳ್ತಾರೆ, ನೀನು ಕುಡಿದ ಡಬ್ಬದ್ದು ಉಳಿದ ಪುಡಿ ಎಲ್ಲಿ ಅಂತ. ಬಿಸಿನೀರು ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದೀನಲ್ಲಾ! ನನ್ ಕೈಯಾರೆ ನಾನೇ ತೊಳೆದೆ!"

"ಹೊಸ ಡಬ್ಬ ತರಿಸಿ ಪರೀಕ್ಷೆ ಮಾಡ್ಸು."

"ರಾಫ್ ಕೊಡ್ತಾನಾ? ಕೊಟ್ರೂ ಅದು ಬೇರೆ ಗಾಣದ ಎಣ್ಣೆ. ಡಬ್ಬದ ತಳದಲ್ಲಿ ನಂಬರ್ ಇರುತ್ತೆ ನೋಡಿ, ಯಾವ ಸಲ ಮಾಡಿದ್ದು ಅಂತ. ಅದೇ ನಂಬರಿಂದು ಬೇಕು. ಸೀಲು ಒಡೀದೇ ಇರೋದು ಬೇಕು. ಎಲ್ಲಿ ಸಿಗುತ್ತೆ? ಸಿಗದಿದ್ರೆ ನಾಲ್ಕು ವರ್ಷ ಸೈಕಲ್ ಮುಟ್ಟೋ ಹಾಗಿಲ್ಲ. ಆಮೇಲೆ ನನ್ನ ಯಾರು ಕೇಳ್ತಾರೆ?"

ಓಡಿಲ್ ಜೋಳ ಸುರಿದು ಡಬ್ಬ ಬೋರಲು ಹಾಕಿದ. ತಳದಲ್ಲಿ ನಂಬರ್ ಅಚ್ಚೊತ್ತಿತ್ತು. ಎಷ್ಟು ತೊಳೆದರೂ ಹೋಗದ ಹಾಗೆ ಅಚ್ಚೊತ್ತಿತ್ತು. ಅದನ್ನು ನೋಡುತ್ತ ನಿಂತಿದ್ದ ನನಗೆ ತಟ್ಟನೆ ನೆನಪಾಯಿತು.

ಚಳಿಗಾಲದಲ್ಲಿ ಸಂಘದ ಊಟ ಇತ್ತು. ಊಟ ಆದಮೇಲೆ ಚೀಟಿ ಎತ್ತಿ ಬಹುಮಾನ ಕೊಡುವುದು ನಮ್ಮಲ್ಲಿ ಪದ್ಧತಿ. ಮೊದಲ ಬಹುಮಾನ ಹಂದಿಯ ತೊಡೆ, ಆಮೇಲೆ ವೈನು, ಆಮೇಲೆ ಸಾಸೇಜು. ರಾಫ್ ದೊಡ್ಡ ಮನಸ್ಸು ತೋರಿಸುವವನ ಹಾಗೆ, ಸಿಲ್ಕೆಗೆಂದು ತಂದ ಪೆಟ್ಟಿಗೆಯಿಂದಲೇ ಒಂದು ಡಬ್ಬ ಎತ್ತಿ ಬಹುಮಾನದ ಮೇಜಿನ ಮೇಲೆ ಇಟ್ಟಿದ್ದ. ಅದು ಕಮಿಲ್‌ಗೆ ಬಂತು. ಹಂದಿತೊಡೆ ಬರಲಿಲ್ಲ ಅಂತ ಅವನಿಗೆ ಕೆಂಡದಂಥ ಕೋಪ. "ಈ ವಯಸ್ಸಲ್ಲಿ ಶಕ್ತಿ ಬಂದು ನಾನೇನ್ ಮಾಡ್ಲಿ, ನೀನೇ ಇಟ್ಕೋ" ಅಂತ ನನ್ನ ಕಪಾಟಿನ ಮೇಲೆ ಎಸೆದು ಹೋಗಿದ್ದ. ಅಲ್ಲಿಯೇ ಇತ್ತು, ಪಟದ ಹಿಂದೆ, ಧೂಳು ತಿನ್ನುತ್ತ.

ಓಡಿಲ್‌ನ ಡಬ್ಬ ಎತ್ತಿಕೊಂಡು ಮೂವರೂ ಕೆಫೆಗೆ ಓಡಿದೆವು. ತಳಕ್ಕೆ ತಳ ಹಿಡಿದು ನೋಡಿದೆವು. ಅದೇ ನಂಬರ್. ಸೀಲು ಒಡೆದಿರಲಿಲ್ಲ. ಸಿಲ್ಕೆ ಅಲ್ಲೇ ಕುಸಿದು ಕೂತು ಅಳಲು ಶುರುಮಾಡಿದಳು.

ಮಾತು ಎಲ್ಲಿಂದ ಹೊರಗೆ ಹೋಯಿತೋ! ಮಾರನೇ ಬೆಳಿಗ್ಗೆ ರಾಫ್ ಹಾಜರ್. ಎಂದೂ ಇಲ್ಲದ ವಿನಯ. ಕಾಫಿ ಕೇಳಿದ, ಜೊತೆಗೆ ಕೊಟ್ಟ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದ. ಕಣ್ಣು ಮಾತ್ರ ಕಪಾಟಿನ ಮೇಲೆ.

"ಲೀವ, ಪಾಪದ ಹುಡುಗಿ. ನಮಗೂ ಸಂಕಟ. ಆ ಡಬ್ಬ ಕೊಡಿ, ಕಂಪನಿ ಖರ್ಚಲ್ಲೇ ಪರೀಕ್ಷೆ ಮಾಡಿಸ್ತೀವಿ."

"ಅದು ನಂದಲ್ಲ. ಕಮಿಲ್‌ದು. ಅವನನ್ನೇ ಕೇಳಿ."

ರಾತ್ರಿಯೇ ವಿಷಯ ತಿಳಿದಿದ್ದ ಕಮಿಲ್ ಮೂಲೆಯಲ್ಲಿ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. "ಕೊಡೋಣ, ಅದಕ್ಕೇನಂತೆ. ಹಂದಿತೊಡೆ ತಂದಿದ್ದೀಯಾ?"

"ಎರಡು ತಂದುಕೊಡ್ತೀನಿ."

"ಎರಡಾ? ಮೊನ್ನೆವರೆಗೂ ಇದು ಜೋಳ ತುಂಬೋ ಡಬ್ಬ. ಇವತ್ತು ಎರಡು ತೊಡೆ ಬೆಲೆ ಬಾಳುತ್ತೆ! ಅಂದ್ಮೇಲೆ ಒಳಗೆ ಏನೋ ಇದೆ ಕಣಯ್ಯ." ಕಮಿಲ್ ಡಬ್ಬವನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡ. ರಾಫ್ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೋದ.

ವಿಚಾರಣೆ ಮಾಡುವ ಮಂಡಳಿಯವರ ಕೈಗೇ ನೇರವಾಗಿ ಡಬ್ಬ ಒಪ್ಪಿಸಿದೆವು. ರೈಲಿನಲ್ಲಿ ಕಮಿಲ್ ಅದನ್ನು ನನ್ನ ಕೈಗೂ ಕೊಡಲಿಲ್ಲ. "ನಿನ್ನ ಮೇಲೂ ನಂಬಿಕೆ ಇಲ್ಲ, ಬೇಜಾರ್ ಮಾಡ್ಕೋಬೇಡ" ಅಂದ. ಪ್ರಯೋಗಾಲಯದಲ್ಲಿ ಸೀಲು ಒಡೆದು ನೋಡಿದರು. ಪುಡಿಯಲ್ಲಿ ಅದೇ ಔಷಧಿ ಇತ್ತು. ಊರಿಗೆ ಊರೇ ಕುಣಿಯಿತು. ಹುಳ ಬಿಟ್ಟ ಬಾಯಿಗಳೇ ಈಗ "ನಾನಾಗ್ಲೇ ಹೇಳ್ಲಿಲ್ವಾ" ಅಂದವು. ಅವತ್ತು ನಾನು ಎಲ್ಲರಿಗೂ ಬಿಯರ್ ಕೊಟ್ಟೆ. ಬುದ್ಧಿಗೇಡಿ ನಾನು. ಗೆದ್ದೆವು ಅಂದುಕೊಂಡಿದ್ದೆ.

ವಿಚಾರಣೆಯ ದಿನ ನಾವೆಲ್ಲ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದೆವು. ಅಧ್ಯಕ್ಷರು ಸಭ್ಯ ಮನುಷ್ಯ, ದನಿ ಎತ್ತುವವರಲ್ಲ.

"ಔಷಧಿ ಪುಡಿಯಿಂದಲೇ ಬಂದಿದೆ ಅಂತ ಒಪ್ತೀವಿ. ಆದ್ರೆ ಕುಡಿಯೋ ಮುಂಚೆ ನೀವು ಪುಡಿ ಪರೀಕ್ಷೆ ಮಾಡಿಸಿದ್ರಾ?"

"ಇಲ್ಲ ಸರ್. ತಂಡದವ್ರೇ ಕೊಟ್ಟಿದ್ದು. ಶುದ್ಧ ಅಂತ ಡಬ್ಬದ ಮೇಲೇ ಬರೆದಿತ್ತು."

"ಬರೆದಿದ್ದನ್ನ ನಂಬಿದ್ರಿ."

"ಬೇಡ ಅಂದಿದ್ರೆ ಕೆಲಸ ಹೋಗ್ತಿತ್ತು ಸರ್."

"ಅದು ನಿಮಗೂ ನಿಮ್ಮ ತಂಡಕ್ಕೂ ಸೇರಿದ್ದು. ಇಂಥ ಪುಡಿಗಳಲ್ಲಿ ಅಪಾಯ ಇದೆ ಅಂತ ಪ್ರತಿ ವರ್ಷ ನಿಮಗೆ ಹೇಳ್ತಾನೇ ಇದ್ದೀವಿ. ಮೈಯೊಳಗೆ ಹೋಗಿದ್ದಕ್ಕೆಲ್ಲ ಆಟಗಾರರೇ ಹೊಣೆ. ಬಾಯಿ ನಿಮ್ಮದು ತಾನೆ?"

ನನಗೆ ಮೈಯೆಲ್ಲ ಉರಿಯಿತು. ಸಿಲ್ಕೆಯ ಕಾಲು ರಾಫ್‌ನದು. ಬೆನ್ನು ಅನೂಕ್‌ನ ಬಾಟಲಿಗಳದ್ದು. ಎದೆಯ ಮೇಲೆ ಕಂಪನಿಯ ಹೆಸರು. ಇಡೀ ಮೈಯಲ್ಲಿ ಅವಳದ್ದು ಅಂತ ಇವರು ಉಳಿಸಿದ್ದು ಬಾಯಿ ಒಂದೇ, ಅದೂ ಶಿಕ್ಷೆ ಕೊಡುವುದಕ್ಕೆ! ಎದ್ದು ನಿಂತು ಕೂಗಿದೆ: "ಕುಡಿಸಿದವನು ಹೊರಗೆ ಕಾರಲ್ಲಿ ಕೂತಿದ್ದಾನೆ, ಅವನ್ನ ಕರೀರಿ!" ಕಾವಲುಗಾರ ಬಂದು ನನ್ನನ್ನು ಕೂರಿಸಿದ. ರಾಫ್ ತಮ್ಮ ವ್ಯಾಪ್ತಿಗೆ ಬರುವವನಲ್ಲ ಅಂತ ಅಧ್ಯಕ್ಷರು ಮೆತ್ತಗೆ ಹೇಳಿದರು.

ನಾಲ್ಕು ವರ್ಷ ಆಗಬೇಕಿದ್ದ ನಿಷೇಧ ಒಂದು ವರ್ಷವಾಯಿತು. ದಯೆ ತೋರಿಸಿದ್ದೇವೆ ಅಂದರು. ತಂಡ ಅವಳ ಜಾಗಕ್ಕೆ ಮರಿಟ್ ಅನ್ನುವ ಹೊಸ ಹುಡುಗಿಯನ್ನು ತಂದಿತು. ಕಂಪನಿ "ಎಲ್ಲೋ ಸಣ್ಣ ಬೆರಕೆ ಆಗಿರಬಹುದು" ಅಂತ ಹೇಳಿ ಮುಚ್ಚಳದ ಬಣ್ಣ ಬದಲಾಯಿಸಿತು. ಈಗ ಹಸಿರು. ಸಿಲ್ಕೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯನ್ನೂ ಹಿಡಿದಳು.

ಆಗಸ್ಟ್‌ನಲ್ಲಿ ನಮ್ಮೂರ ಓಟ. ಹೊರಡುವ ಗೆರೆ ನನ್ನ ಕೆಫೆಯ ಮುಂದೆಯೇ. ಶಿಕ್ಷೆಯಲ್ಲಿರುವವರು ಗೆರೆಯ ಹತ್ತಿರ ಬರುವ ಹಾಗಿಲ್ಲ. ಸಿಲ್ಕೆ ಬಾಗಿಲೊಳಗೆ ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಹುರಿದ ಆಲೂಗಡ್ಡೆಯ ವಾಸನೆ, ಬ್ಯಾಂಡು, ಗದ್ದಲ. ರಾಫ್ ವ್ಯಾನಿನಿಂದ ಬಾಟಲಿ ಹಂಚುತ್ತ ಬಂದ. ಪುಡಿ ಕಲಸಿದ ನೀರು.

ಮರಿಟ್ ಬಾಟಲಿ ತೆಗೆದುಕೊಂಡಳು. ಸೈಕಲ್ಲಿಗೆ ಸಿಕ್ಕಿಸಲಿಲ್ಲ. ಅವನ ಕಡೆಗೇ ಚಾಚಿದಳು.

"ರಾಫ್, ಮೊದ್ಲು ನೀವೊಂದು ಗುಟುಕು ಕುಡೀರಿ."

"ಏನಿದು ಹುಡುಗಾಟ? ಟೀವಿಯವ್ರು ನೋಡ್ತಿದ್ದಾರೆ."

"ನೋಡ್ಲಿ. ಕುಡೀರಿ."

ಅವನು ನಗುತ್ತ ಅನೂಕ್ ಕಡೆ ತಿರುಗಿದ. ಅವಳಾದರೂ ಗದರಿಸುತ್ತಾಳೆ ಅಂದುಕೊಂಡ. ಅನೂಕ್ ಸಿಲ್ಕೆಯ ಪರವಾಗಿ ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ. ಆಗ ತನ್ನ ಬಾಟಲಿಯನ್ನೂ ಕಿತ್ತು ಅವನ ಮುಂದೆ ಹಿಡಿದಳು.

"ನಂದೂ ರುಚಿ ನೋಡಿ ರಾಫ್. ನಿಮ್ಮ ಮೂತ್ರ ಯಾರೂ ಕೇಳಲ್ಲ."

ಬ್ಯಾಂಡು ನಿಂತಿತ್ತು. ಬೇಲಿಯ ಹಿಂದಿನಿಂದ ಕಮಿಲ್ ಕೂಗಿದ: "ಕುಡಿ ಮಹಾರಾಯ! ಶುದ್ಧ ಅಂತ ಬರ್ದಿದೆ ತಾನೆ?" ಓಡಿಲ್, ಮಾತೇ ಆಡದ ಓಡಿಲ್, ಅವನೂ ಕೂಗಿದ: "ಕುಡಿ!" ಆಮೇಲೆ ಬೀದಿಗೆ ಬೀದಿಯೇ ಕೂಗಿತು.

ರಾಫ್ ಬಾಟಲಿ ಹಿಡಿದು ನಿಂತ. ಕುಡಿದರೆ ಅವನಿಗೆ ಯಾವ ಶಿಕ್ಷೆಯೂ ಇಲ್ಲ, ಯಾವ ಮಂಡಳಿಯೂ ಕರೆಯುವುದಿಲ್ಲ. ಆದರೂ ಕುಡಿಯಲಿಲ್ಲ. ಅದನ್ನು ವ್ಯಾನಿನೊಳಗೆ ಇಟ್ಟು ಬಾಗಿಲು ಎಳೆದುಕೊಂಡ.

ಹುಡುಗಿಯರು ಒಬ್ಬೊಬ್ಬರಾಗಿ ಬಾಟಲಿ ಬೋರಲು ಹಾಕಿದರು. ಬಿಳಿ ನೀರು ಕಲ್ಲುಹಾಸಿನ ಸಂದಿಯಲ್ಲಿ ಹರಿದು ಮೋರಿಗೆ ಹೋಯಿತು. ಬೇರೆ ತಂಡದವರೂ ಸುರಿದರು. ಆಮೇಲೆ ಎಲ್ಲರೂ ಸೈಕಲ್ ಒರಗಿಸಿ ನನ್ನ ಕೆಫೆಯ ನಲ್ಲಿಗೆ ಸಾಲು ನಿಂತರು.

ಸಿಲ್ಕೆ ನಲ್ಲಿ ತಿರುಗಿಸಿ, ತುಂಬಿಕೊಡಲು ಮರಿಟ್‌ನ ಬಾಟಲಿಗೆ ಕೈ ಚಾಚಿದಳು. ಮರಿಟ್ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡಳು. ಅವಳ ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬೇಡ ಸಿಲ್ಕೆ. ನಾನೇ ತೊಳ್ಕೊಂಡು ನಾನೇ ತುಂಬಿಸ್ಕೋತೀನಿ."

ಸಿಲ್ಕೆಯ ಕೈ ಅಲ್ಲಿಯೇ ನಿಂತಿತು. ಅದನ್ನು ಏಪ್ರನ್‌ಗೆ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

"ಸರಿಯಾಗೇ ಮಾಡ್ದೆ," ಅಂದಳು. "ನನ್ನನ್ನೂ ನಂಬಬೇಡ. ಮುಚ್ಚಳ ಗಟ್ಟಿ ಹಾಕ್ಕೋ."