ಬೆಂಕಿಗಿಂಡಿ ಮುಚ್ಚಿದ ಕೋವಿ

“ನಿನ್ನನ್ನ ಯಾರಪ್ಪಾ ಹಾರಿಸಿದ್ದು?” ಎಂದು ಮುದುಕ ಸಡಕಿಚಿ ಕೈಯಲ್ಲಿದ್ದ ಹಳೆಯ ಕೋವಿಯನ್ನೇ ಕೇಳಿದ.

ಕುನಿಟೊಮೊ ಊರಿನಲ್ಲಿ ಹಳೆಯ ಕೋವಿಗಳ ಅಸಲಿ ನಕಲಿ ಹೇಳುವುದು ಅವನ ಕಸುಬು. ಕೋವಿ ತಂದಿದ್ದ ಓರಿಯೆ ಎದುರಿಗೆ ಉಸಿರು ಬಿಗಿಹಿಡಿದು ಕೂತಿದ್ದಳು. ಅವನು ಬಿದಿರಿನ ಮೊಳೆ ಕಿತ್ತು, ನಳಿಗೆಯನ್ನು ಮರದ ಹಿಡಿಕೆಯಿಂದ ಎತ್ತಿ ಅಡಿಭಾಗ ನೋಡಿದ್ದ. ನಕಲಿ ಮಾಡುವವರು ಅಲ್ಲಿಗೂ ಆಸಿಡ್ ಬಳಿದು ತುಕ್ಕು ಹಿಡಿಸುತ್ತಾರೆ. ಇಲ್ಲಿ ಕಬ್ಬಿಣ ಕಪ್ಪಗೆ ನುಣುಪಾಗಿತ್ತು, ಕಮ್ಮಾರನ ಹೆಸರು ಮಾಸಿರಲಿಲ್ಲ. ಬೆಂಕಿ ಒಳಹೋಗುವ ಕಿಂಡಿ ಮಾತ್ರ ತುಕ್ಕು ತುಂಬಿ ಮುಚ್ಚಿಹೋಗಿತ್ತು. ನೂರು ವರ್ಷದಿಂದ ಅದು ಹಾರಿರಲು ಸಾಧ್ಯವೇ ಇರಲಿಲ್ಲ. ಆದರೂ ನಳಿಗೆಯ ಹಿಂಬದಿಯ ತಿರುಪು ಬಿಚ್ಚಿದಾಗ ಅವನ ಬೆರಳಿಗೆ ಆಗಷ್ಟೇ ಹಾರಿಸಿದಂಥ ಹಸಿ ಮಸಿ ಅಂಟಿತ್ತು. ನಳಿಗೆ ಬೆಚ್ಚಗಿತ್ತು.

“ದಿನಾ ಬೆಳಿಗ್ಗೆ ಹೀಗೇ ಅಜ್ಜ. ನಕಲಿ ಅಂತ ಬರ್ಕೊಡಿ, ಕುಲುಮೆಗೆ ಹಾಕಿಸ್ತೀನಿ. ಅಸಲಿಯಾದ್ರೆ ತೀರಿಹೋದ ಹಿರಿಯರ ಪೂಜಾಪೀಠದ ಮುಂದೇ ಇರ್ಬೇಕು ಅಂತ ನಮ್ಮತ್ತೆ ಹಟ.”

“ಕುಲುಮೇಲಿ ಅತ್ತೆಗೂ ಜಾಗ ನೋಡಿದ್ದೀಯೇನು?”

ಅವಳು ನಗಲಿಲ್ಲ. “ಮೊನ್ನೆ ಅದರ ಮೂತಿ ಬಾಗಿಲ ಕಡೆಗಿತ್ತು. ಇವತ್ತು ಮಗು ಮಲಗೋ ಕಡೆಗೆ ತಿರುಗಿತ್ತು. ಯಾರೂ ಮುಟ್ಟಿಲ್ಲ. ಒಂದೇ ಒಂದು ಸುಳ್ಳು ಬರೀರಿ ಅಜ್ಜ.”

ಸಡಕಿಚಿ ಬರೆಯುವ ಕುಂಚವನ್ನು ಕೈಗೆತ್ತಿಕೊಂಡ. ಐವತ್ತು ವರ್ಷಗಳಲ್ಲಿ ಆ ಕೈ ಸುಳ್ಳು ಬರೆದದ್ದಿಲ್ಲ.

“ಬರೆಯೋಲ್ಲ ಕಣಮ್ಮ,” ಎಂದ. “ಇದು ಅಸಲಿ.”