ಬಲಗಡೆಯ ಬ್ರೇಕು

"ಕಾಲು ತೆಗೀರಿ ಅಕ್ಕಾ! ಅಲ್ಲಿ ಬ್ರೇಕ್ ಇಲ್ಲ!"

"ಇಲ್ಲ ಅನ್ನೋದು ನನಗೆ ಗೊತ್ತು ಕಣಪ್ಪಾ, ನನ್ನ ಕಾಲಿಗೆ ಗೊತ್ತಿಲ್ಲ! ನೀನು ಆ ಲಾರಿಯ ಬಾಲ ಮೂಸಿಕೊಂಡು ಹೋದ್ರೆ ಅದು ಒತ್ತದೆ ಇರುತ್ತಾ?"

"ಕೆಳಗಿರೋ ಮ್ಯಾಟ್ ತೂತು ಬೀಳುತ್ತೆ."

"ಬೀಳಲಿ. ಜೀವಕ್ಕಿಂತ ನಿನ್ನ ಮ್ಯಾಟ್ ಹೆಚ್ಚಾಯ್ತಾ?"

ಕಾರು ಓಡಿಸುತ್ತಿದ್ದವನು ನನ್ನ ತಂಗಿಯ ಗಂಡ. ಹಿಂದಿನ ಸೀಟಿನಲ್ಲಿ ತಂಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು.

ನಾನು ಊರಲ್ಲಿ ಶಾಲೆ ಮಕ್ಕಳ ವ್ಯಾನ್ ಓಡಿಸುವವಳು. ತಂಗಿಯನ್ನು ನೋಡೋಣವೆಂದು ಮೊದಲ ಸಲ ಪರದೇಶಕ್ಕೆ ಬಂದಿದ್ದೆ. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೀರಿಂಗ್ ಎಡಕ್ಕಿದೆ. ನಮ್ಮಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ಇಲ್ಲಿ ಸುಮ್ಮನೆ ಬರುವವರು ಕೂರುತ್ತಾರೆ. ನನಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ.

ಆದರೆ ನೋಡಿದಷ್ಟೂ ತೀರದು. ನಾಲ್ಕು ರಸ್ತೆ ಸೇರುವಲ್ಲಿ ಸಿಗ್ನಲ್ ಇಲ್ಲ, ಪೊಲೀಸಿನವನಿಲ್ಲ. ಬಂದ ಕಾರುಗಳೆಲ್ಲ ತಾವಾಗಿಯೇ ನಿಂತು, ಮೊದಲು ಬಂದದ್ದು ಮೊದಲು ಹೊರಡುತ್ತಿತ್ತು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ.

"ಇಬ್ಬರೂ ಒಟ್ಟಿಗೆ ಬಂದ್ರೆ?" ಕೇಳಿದೆ.

ತಂಗಿಯ ಗಂಡ ತಲೆ ಕೆರೆದುಕೊಂಡ. ಹಿಂದಿನಿಂದ ತಂಗಿ ಹೇಳಿದಳು: "ಬಲಗಡೆ ಇರೋರು ಮೊದಲು ಹೋಗ್ತಾರೆ ಅಕ್ಕಾ."

"ನಿನಗೆ ಹೇಗೆ ಗೊತ್ತೇ?"

"ಲೈಸೆನ್ಸ್ ಇದೆಯಲ್ಲ."

"ಹೂಂ, ಬೀರುವಿನಲ್ಲಿ ಸೀರೆ ಕೆಳಗೆ ಮಲಗಿದೆ," ಎಂದ ಅವಳ ಗಂಡ.

ಆಗ ವಿಷಯ ಹೊರಬಿತ್ತು. ಊರಾಚೆಯ ದೊಡ್ಡ ಬೇಕರಿಯಲ್ಲಿ ಅವಳಿಗೆ ಕೆಲಸ ಕೊಡುತ್ತೇವೆ ಎಂದಿದ್ದಾರೆ. ರಜೆಯಿದ್ದರೂ ಬೇಕರಿ ತೆರೆದಿರುತ್ತದೆ, ಇವತ್ತು ಅದು ಮುಚ್ಚುವುದರೊಳಗೆ ಬಂದು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಆದರೆ ಕೆಲಸ ಶುರುವಾಗುವುದು ಮೊದಲ ಬಸ್ಸು ಹೊರಡುವುದಕ್ಕೂ ಮುಂಚೆ. ಇವನು ಕಾರ್ಖಾನೆಗೆ ಹೋಗುವುದು ಕಂಪನಿ ಬಸ್ಸಿನಲ್ಲಿ, ಕಾರು ಮನೆ ಮುಂದೆ ಬಿಸಿಲು ಕಾಯಿಸಿಕೊಂಡು ಬಿದ್ದಿರುತ್ತದೆ.

"ಅವಳೇ ಓಡಿಸ್ಕೊಂಡು ಹೋಗಲಿ," ಎಂದೆ.

"ಅವಳಾ? ನಮ್ಮ ಗೇಟಿಗೇ ಗುದ್ದಿದ್ದಾಳೆ."

ತಂಗಿ ಕಿಟಕಿಯ ಕಡೆ ತಿರುಗಿಕೊಂಡಳು.

ಆ ಮಾತಿಗೇ ನನಗೆ ಪಿತ್ತ ನೆತ್ತಿಗೇರಿತು. ರಜೆಯ ದಿನವಾದ್ದರಿಂದ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್ ಜಾಗ ಖಾಲಿ ಹೊಡೆಯುತ್ತಿತ್ತು. ಅಲ್ಲಿಗೆ ತಿರುಗಿಸು ಎಂದೆ. ಮೊದಲು ನಾನೇ ಸ್ಟೀರಿಂಗ್ ಹಿಡಿದೆ. ಪರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ ಊರಲ್ಲೇ ಮಾಡಿಸಿಕೊಂಡು ಬಂದಿದ್ದೆ, ಅದೇನು ಮಹಾ ಅಂದುಕೊಂಡಿದ್ದೆ. ಗೇರ್ ಹಾಕಲು ಎಡಗೈ ಚಾಚಿದರೆ ಬಾಗಿಲಿಗೆ ಬಡಿಯಿತು. ಇಂಡಿಕೇಟರ್ ಹಾಕಿದರೆ ಬಟ್ಟಬಿಸಿಲಿನಲ್ಲಿ ವೈಪರ್ ಎದ್ದು ಗಾಜನ್ನು ಕರಕರ ಉಜ್ಜತೊಡಗಿತು.

"ಮಳೆ ಬಂತೇನಕ್ಕಾ?" ಎಂದ ಅವನು, ಹೊಟ್ಟೆ ಹಿಡಿದುಕೊಂಡು.

"ಬಾಯಿ ಮುಚ್ಚಪ್ಪಾ."

"ಇಂಡಿಕೇಟರ್ ಎಡಗೈಗೆ ಅಕ್ಕಾ, ಗೇರ್ ಬಲಗೈಗೆ," ಎಂದಳು ತಂಗಿ, ನಿಧಾನವಾಗಿ. ಪೆಟ್ಟಿಗೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಗೊತ್ತಿರುವವರ ದನಿ ಅದು.

"ನೀನೇ ಬಾ ಇಲ್ಲಿ," ಎಂದು ಇಳಿದೆ.

ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ, ನಾನು ಹಿಂದೆ. ನಿಧಾನ ಎಂದ. ಆ ಕಡೆ ಎಂದ. ಎದುರಿಗೆ ಒಂದು ಕಾಗೆಯೂ ಇಲ್ಲ, "ಬ್ರೇಕ್! ಬ್ರೇಕ್!" ಎಂದು ಕಿರುಚಿದ. ಅವಳು ಒತ್ತಿದಳು, ಗಾಡಿ ಮುಗ್ಗರಿಸಿ ಆಫ್ ಆಯಿತು. ಗೇಟಿಗೆ ಗುದ್ದಿದ್ದು ಹೇಗೆ ಎಂದು ನನಗೆ ಅರ್ಥವಾಯಿತು.

"ಇಳಿ ಕೆಳಗೆ," ಎಂದೆ ಅವನಿಗೆ.

"ನನ್ನ ಕಾರಿಂದ ನನ್ನನ್ನೇ?"

"ಇಳಿ ಮಹರಾಯ!"

ಅವನು ಮುಖ ಊದಿಸಿಕೊಂಡು ಟ್ರಾಲಿಗಳ ಸಾಲಿನ ಪಕ್ಕ ನಿಂತ. ನಾನು ಮತ್ತೆ ಬಲಗಡೆ ಕೂತೆ, ಬಾಯಿ ಬಿಡಲಿಲ್ಲ. ತಂಗಿ ಒಂದು ಸುತ್ತು ಹಾಕಿದಳು. ಕಂಬಗಳ ನಡುವೆ ನುಗ್ಗಿ ಬಂದಳು, ಹಿಂದಕ್ಕೆ ತೆಗೆದು ಗೆರೆಯೊಳಗೆ ಅಚ್ಚುಕಟ್ಟಾಗಿ ನಿಲ್ಲಿಸಿದಳು. ನಾನು ನನ್ನ ಕಾಲು ನೋಡಿಕೊಂಡೆ. ಅದು ಮ್ಯಾಟಿನ ಮೇಲೆ ಹಾಯಾಗಿ ಬಿದ್ದುಕೊಂಡಿತ್ತು, ಒಂದು ಸಲವೂ ಮಿಸುಕಿರಲಿಲ್ಲ. ನನ್ನ ಗಂಡನ ಪಕ್ಕ ಕೂತರೂ ಅದು ಹಾಗೆ ಇರುವುದಿಲ್ಲ.

ವಾಪಸ್ಸು ಅವನೇ ಓಡಿಸಿದ. ಮನೆಗೆ ಬಂದವನೇ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದ. "ಖಾಲಿ ಜಾಗದಲ್ಲಿ ಯಾರು ಬೇಕಾದ್ರೂ ಓಡಿಸ್ತಾರೆ. ಹೆದ್ದಾರಿಗೆ ಹೋದ್ರೆ ಗೊತ್ತಾಗುತ್ತೆ. ಬೇಕರಿಯವರಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡು."

ತಂಗಿ ಒಳಗೆ ಹೋದಳು. ಬೀರು ಕಿರ್ ಅಂದಿತು. ಹೊರಗೆ ಬಂದವಳ ಕೈಯಲ್ಲಿ ಲೈಸೆನ್ಸಿತ್ತು. ಬೀಗದ ಕೈ ಎತ್ತಿಕೊಂಡಳು.

"ಎಲ್ಲಿಗೆ? ನಾನೂ ಬರ್ತೀನಿ ತಡಿ," ಎಂದು ಅವನು ಎದ್ದ.

"ಬೇಡ. ಅಕ್ಕಾ, ನೀನೂ ಬೇಡ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ನಾವಿಬ್ಬರೂ ಕಿಟಕಿಗೆ ಅಂಟಿಕೊಂಡೆವು. ಕಾರು ಹಿಂದಕ್ಕೆ ಸರಿಯಿತು, ಗೇಟಿನ ಹತ್ತಿರ ಬಂತು. ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಕಾಲು ತೆಗಿ, ಅಲ್ಲಿ ಬ್ರೇಕ್ ಇಲ್ಲ," ಎಂದೆ.

ಆ ಮೇಲೆ ಅವನು ಕೂತ, ಎದ್ದ, ಮತ್ತೆ ಕೂತ. ಬೆಳಕು ಇಳಿಯುವ ಹೊತ್ತಿಗೆ ನಮ್ಮ ಕಾರು ರಸ್ತೆಯಲ್ಲಿ ಕಾಣಿಸಿತು. ಸ್ಟೀರಿಂಗ್ ಹಿಂದೆ ತಂಗಿ, ತಲೆಯ ಮೇಲೆ ಬೇಕರಿಯವರು ಹಾಕಿಕೊಳ್ಳುವ ಬಿಳಿ ಟೋಪಿ.

"ಬಂದ್ಲು!" ಎಂದು ಅವನು ಬಾಗಿಲು ತೆರೆದ.

ಕಾರು ಗೇಟಿನ ಮುಂದೆ ನಿಲ್ಲಲಿಲ್ಲ. ಹಾಗೇ ಮುಂದೆ ಹೋಗಿ, ಮೂಲೆಯಲ್ಲಿ ನಿಂತು, ಎರಡೂ ಕಡೆ ನೋಡಿ, ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿತು.

"ಆ ರಸ್ತೆ ಎಲ್ಲಿಗೆ ಹೋಗುತ್ತೋ?" ಕೇಳಿದೆ.

"ಗೊತ್ತಿಲ್ಲ ಅಕ್ಕಾ," ಎಂದ ಅವನು. "ನಾನು ಆ ಕಡೆ ಹೋಗೇ ಇಲ್ಲ."